ವಾಟೆಯ ಇದ್ದಿಲು

ಏಪ್ರಿಲ್ ೪

ಇವತ್ತು ಅಂಗಡಿಗೆ ಬೀಗ ಬಿತ್ತು. ಬೀಗ ನಮ್ಮದಲ್ಲ, ಸರ್ಕಾರದ್ದು. ಅದಕ್ಕೆ ಬಟ್ಟೆ ಸುತ್ತಿ, ದಾರ ಬಿಗಿದು, ಕೆಂಪು ಅರಗು ಕರಗಿಸಿ ಸುರಿದು ಮೊಹರು ಒತ್ತಿದರು. ಬೀದಿಯವರೆಲ್ಲ ಸಿನಿಮಾ ನೋಡುವ ಹಾಗೆ ನಿಂತು ನೋಡಿದರು. ನಾನೂ ಸೊಂಟಕ್ಕೆ ಕೈಯಿಟ್ಟುಕೊಂಡು ಅವರನ್ನೇ ನೋಡುತ್ತ ನಿಂತೆ. ತಲೆ ತಗ್ಗಿಸುವ ಪೈಕಿಯವಳಲ್ಲ ನಾನು.

ನಮ್ಮದು ಕ್ರೋಮ್ ಲೋಹದ ಲೇಪ ಹಾಕಿ ಹೊಳಪು ಕೊಡುವ ಅಂಗಡಿ. ನಲ್ಲಿ, ಬಾಗಿಲ ಹಿಡಿಕೆ, ಟವೆಲ್ ಹಾಕುವ ಸರಳು, ಏನೇ ತಂದರೂ ಮುಖ ಕಾಣುವಂತೆ ಮಾಡಿ ಕಳಿಸುತ್ತೇವೆ. ಇವರು ಕಟ್ಟಿದ ಅಂಗಡಿ. ಇವರ ಎದೆ ಕೈಕೊಟ್ಟ ಮೇಲೆ ನಾನು ನಡೆಸುತ್ತಿದ್ದೇನೆ. ಹೊಳಪು ಕೊಟ್ಟ ಮೇಲೆ ಸಾಮಾನನ್ನು ನೀರಲ್ಲಿ ಅದ್ದಿ ತೊಳೆಯಬೇಕು. ಆ ನೀರು ಹಳದಿಯಾಗುತ್ತದೆ. ಅದು ಹಿತ್ತಲ ತೊಟ್ಟಿಗೆ ಹೋಗಿ, ಅಲ್ಲಿಂದ ಚರಂಡಿಗೆ ಹೋಗುತ್ತದೆ. ಲೋಕದಲ್ಲಿ ಯಾರ ಮನೆಯ ಕೊಳೆ ನೀರು ಚರಂಡಿಗೆ ಹೋಗುವುದಿಲ್ಲ?

ಮೊಹರು ಹಾಕಿದ ಸಾಹೇಬರು ಬಹಳ ಮರ್ಯಾದಸ್ಥರು. ಅದೇ ನನಗೆ ಹೆಚ್ಚು ಉರಿ. ಬೈದಿದ್ದರೆ ತಿರುಗಿಸಿ ಬೈಯಬಹುದಿತ್ತು. ಒಂದು ಬಾಟಲಿ ಎತ್ತಿ ತೋರಿಸಿದರು. ಒಳಗಿನ ನೀರು ನಿಂಬೆ ಸಿಪ್ಪೆಯ ಬಣ್ಣಕ್ಕಿತ್ತು. ನಮ್ಮ ಹಿಂದಿನ ಗೋಡೆಯಾಚೆ ಲಾಂಡ್ರಿ ಇಟ್ಟಿದ್ದಾಳಲ್ಲ, ಅವಳ ಬಾವಿಯದಂತೆ.

“ಇದನ್ನ ನೀವು ಕುಡೀತೀರಾ ಅಮ್ಮ?” ಎಂದರು.

“ಅವಳ ಬಾವಿ ನೀರು ನಾನ್ಯಾಕೆ ಕುಡೀಲಿ?” ಎಂದೆ.

ನೀರು ಶುದ್ಧ ಮಾಡುವ ವ್ಯವಸ್ಥೆ ಮಾಡಿಕೊಂಡರೆ ಪರೀಕ್ಷೆ ನಡೆಸಿ ಬೀಗ ತೆಗೆಯುತ್ತಾರಂತೆ. ಮಳೆಗಾಲದೊಳಗೆ ಆಗದಿದ್ದರೆ ಪರವಾನಗಿಯೇ ರದ್ದಂತೆ. ಇವರು ಕುರ್ಚಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡರು. ಈ ಡೈರಿ ಯಾರೋ ಹೊಸ ವರ್ಷಕ್ಕೆ ಕೊಟ್ಟದ್ದು, ಇಷ್ಟು ದಿನ ಖಾಲಿ ಬಿದ್ದಿತ್ತು. ಮನೆಯಲ್ಲಿ ಬೈಯಲು ಯಾರೂ ಸಿಗದ್ದಕ್ಕೆ ಇದರಲ್ಲಿ ಬೈಯುತ್ತಿದ್ದೇನೆ.

ದೂರು ಕೊಟ್ಟವಳು ಅವಳೇ. ಇಸ್ತ್ರಿ. ನಾನಿಟ್ಟ ಹೆಸರು ಅದು. ಯಾವಾಗಲೂ ಬಿಸಿ, ಎದುರು ಸಿಕ್ಕವರನ್ನು ಒತ್ತಿ ಚಪ್ಪಟೆ ಮಾಡುವುದೇ ಕೆಲಸ.

ಏಪ್ರಿಲ್ ೫

ಬೀಗ ತೆಗೆಸುತ್ತೇನೆ. ಅವಳ ಕಣ್ಣೆದುರೇ ತೆಗೆಸುತ್ತೇನೆ.

ಏಪ್ರಿಲ್ ೯

ನಾದಿನಿ ಬಂದಿದ್ದಳು. ಇವರ ತಂಗಿ, ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ಅವಳನ್ನು ಓದಿಸಿದ್ದು ಇದೇ ಹಳದಿ ನೀರು. ಆದರೂ ಮನೆಗೆ ಬಂದರೆ ಮೂಗು ಮುಚ್ಚಿಕೊಂಡೇ ಅಂಗಡಿ ದಾಟುತ್ತಾಳೆ. ಇವತ್ತು ಮೂಗು ಮುಚ್ಚದೆ ನೇರ ಹಿತ್ತಲಿಗೆ ಹೋಗಿ ತೊಟ್ಟಿಯ ಮುಂದೆ ಕೂತಳು.

ದೊಡ್ಡ ಕಂಪನಿಯವರು ಬಂದು ಯಂತ್ರ ಕೂರಿಸಿ ಕೊಡುತ್ತಾರೆ, ಅದು ನಮ್ಮ ಕೈಗೆ ಎಟುಕುವುದಲ್ಲ ಎಂದು ಅವಳಿಗೂ ಗೊತ್ತು. ಅವಳು ಬೇರೆಯದೇ ಹೇಳಿದಳು. ಗಟ್ಟಿ ಸಿಪ್ಪೆಯ ಯಾವುದೇ ಗಿಡದ ವಸ್ತು, ತೆಂಗಿನ ಚಿಪ್ಪೋ ಹಣ್ಣಿನ ವಾಟೆಯೋ, ಸುಟ್ಟು ಇದ್ದಿಲು ಮಾಡಿ, ಆ ಇದ್ದಿಲಿಗೆ ಒಂದು ಸಂಸ್ಕಾರ ಕೊಟ್ಟರೆ ಅದು ನೀರಿನೊಳಗಿನ ಲೋಹವನ್ನು ಹಿಡಿದುಕೊಳ್ಳುತ್ತದಂತೆ. ಅವಳ ವಿದ್ಯಾರ್ಥಿಗಳು ಬೀಕರಿನಲ್ಲಿ ಮಾಡಿ ನೋಡಿದ್ದಾರಂತೆ.

ಬೀಕರಿನಲ್ಲಿ ನಾನೂ ಏರೋಪ್ಲೇನು ಹಾರಿಸಿಯೇನು ಎಂದೆ. ಅವಳಿಗೆ ಸಿಟ್ಟು ಬರಲಿಲ್ಲ.

“ಅತ್ತಿಗೆ, ನಿಮಗೆ ನನ್ನ ಮೇಲೆ ಸಿಟ್ಟಿದ್ರೆ ಇರ್ಲಿ. ಇದ್ದಿಲಿನ ಮೇಲೆ ಯಾಕೆ?”

ಅವಳು ಹೋದ ಮೇಲೆ ಯೋಚಿಸಿದೆ. ಹಣ್ಣಿನ ರಸದ ಕಾರ್ಖಾನೆಯ ಹಿಂದೆ ಮಾವಿನ ವಾಟೆಯ ಗುಡ್ಡವೇ ಬಿದ್ದಿರುತ್ತದೆ, ಈಗ ಸುಗ್ಗಿ ಬೇರೆ. ಅದನ್ನು ಸಾಗಿಸುವುದೇ ಅವರಿಗೆ ತಲೆನೋವು. ಕೇಳಿದರೆ ಕೈಮುಗಿದು ಕೊಡುತ್ತಾರೆ.

ಏಪ್ರಿಲ್ ೧೪

ಲಾರಿಯವನು ವಾಟೆಯನ್ನು ಹಿತ್ತಲಲ್ಲಿ ಸುರಿದು ಹೋದ. ಅದರ ಹಿಂದೆಯೇ ಊರಿನ ನೊಣಗಳೆಲ್ಲ ಸಂಸಾರ ಸಮೇತ ಬಂದವು. ತಾರಸಿಯ ಮೇಲೆ ಹರವಿದೆವು. ನಮ್ಮಲ್ಲಿ ಪಾಲಿಶ್ ಮಾಡುವ ಅಣ್ಣ ಸಂಬಳವಿಲ್ಲದಿದ್ದರೂ ಬಂದು ಕೈಜೋಡಿಸಿದ್ದಾನೆ. ಮೊಹರು ಬಿದ್ದ ದಿನದಿಂದ ಅವನ ಮುಖ ನೋಡಲಾಗುವುದಿಲ್ಲ. ಒಣಗಿದ ವಾಟೆಯ ಬಾಯಿ ಬಿಡಿಸಿ ಒಳಗಿನ ಬೀಜ ತೆಗೆದು ಚಿಪ್ಪನ್ನಷ್ಟೇ ಇಟ್ಟುಕೊಳ್ಳಬೇಕು. ನನ್ನ ಹೆಬ್ಬೆರಳ ಉಗುರಿನ ಕಥೆ ಮುಗಿದಿದೆ.

ಪಕ್ಕದ ಮನೆಯವರು ವಾಸನೆ ಎಂದು ಕೂಗಿದರು. ಕೂಗಲಿ.

ಏಪ್ರಿಲ್ ೧೮

ಡ್ರಮ್ಮಿಗೆ ವಾಟೆ ತುಂಬಿ ಬೆಂಕಿ ಇಟ್ಟೆವು. ಚೆನ್ನಾಗಿ ಉರಿಯಿತು. ಎಷ್ಟು ಚೆನ್ನಾಗಿ ಅಂದರೆ ಸಂಜೆ ನೋಡಿದರೆ ತಳದಲ್ಲಿ ಒಂದು ಮೊರ ಬೂದಿ. ಇವರು ಕಿಟಕಿಯಿಂದ ನೋಡುತ್ತಿದ್ದರು. “ಪಾತ್ರೆ ತಿಕ್ಕೋಕಾಯ್ತು ಬಿಡು” ಎಂದರು. ಮೊಹರು ಬಿದ್ದ ಮೇಲೆ ಇವರು ಆಡಿದ ಮೊದಲ ತಮಾಷೆ. ನನಗೆ ನಗು ಬರಲಿಲ್ಲ.

ಏಪ್ರಿಲ್ ೨೪

ಗಾಳಿ ಹೋಗಬಾರದು. ಅದು ಗುಟ್ಟು. ಮುಚ್ಚಳಕ್ಕೆ ಜೇಡಿಮಣ್ಣು ಮೆತ್ತಿ, ಹೊಗೆ ಹೋಗಲು ಸಣ್ಣ ಕಿಂಡಿಯೊಂದನ್ನು ಬಿಟ್ಟು, ಹೊರಗಿನಿಂದ ಕಾಯಿಸಿದೆವು. ತಣ್ಣಗಾದ ಮೇಲೆ ತೆರೆದರೆ ವಾಟೆಗಳು ಹಾಗೆ ಹಾಗೆಯೇ, ನರ ನರ ಕಾಣುವಂತೆ, ಕಪ್ಪಗೆ ಕೂತಿದ್ದವು. ಕೈಗೆತ್ತಿಕೊಂಡರೆ ಹಕ್ಕಿಯಷ್ಟು ಹಗುರ.

ಕುಟ್ಟಿ ಪುಡಿ ಮಾಡಿ, ಒಂದು ಪ್ಲಾಸ್ಟಿಕ್ ಕೊಳವೆಗೆ ತುಂಬಿ, ತೊಟ್ಟಿಯ ನೀರು ಮೇಲಿಂದ ಬಿಟ್ಟೆ. ಹಳದಿ ಹೋಗಿದ್ದು ಹಳದಿಯಾಗಿಯೇ ಬಂತು, ಜೊತೆಗೆ ಮಸಿ ಬೇರೆ.

ನಾದಿನಿಗೆ ಫೋನು ಮಾಡಿ ಬೈದೆ. ಅವಳು ತಾಳ್ಮೆಯಿಂದ ಹೇಳಿದಳು. ಬರೀ ಇದ್ದಿಲೆಂದರೆ ಸಾವಿರ ಕೋಣೆಯ ಮನೆ ಕಟ್ಟಿ ಬಾಗಿಲೇ ಇಡದ ಹಾಗೆ. ಸುಡುವ ಮೊದಲೇ ಚಿಪ್ಪನ್ನು ಫಾಸ್ಫರಿಕ್ ಆಸಿಡ್‌ನಲ್ಲಿ ನೆನೆಸಿ ಕಾಯಿಸಿದರೆ ಆ ಆಸಿಡ್ ಒಳಗೆಲ್ಲ ತೂತು ಕೊರೆಯುತ್ತದಂತೆ. ಮೊದಲೇ ಹೇಳಬಾರದಿತ್ತಾ ಎಂದೆ. ಸಂಸ್ಕಾರ ಅಂತ ಮೊದಲ ದಿನವೇ ಹೇಳಿದ್ದೆ, ನೀವು ಏರೋಪ್ಲೇನು ಹಾರಿಸುತ್ತಿದ್ದಿರಿ ಎಂದಳು.

ಮೇ ೨

ಇವತ್ತು ಇಸ್ತ್ರಿಗೂ ನನಗೂ ಹತ್ತಿತು.

ಹಿತ್ತಲಲ್ಲಿ ಹೊಗೆ ಎದ್ದಿತ್ತು. ಗೋಡೆಯ ಮೇಲೆ ಅವಳ ತಲೆ ಕಾಣಿಸಿತು. ಏನು ಸುಡುತ್ತಿದ್ದೀರಿ, ನನ್ನ ಬಟ್ಟೆಗೆ ಮಸಿ ಕೂರುತ್ತದೆ ಎಂದು ಶುರು ಮಾಡಿದಳು.

“ನಿನ್ನ ಬಾವಿ ತೊಳೆಯೋಕೆ ಸೋಪು ಮಾಡ್ತಿದ್ದೀನಿ” ಎಂದೆ.

“ಮೊದಲು ನಿನ್ನ ಬಾಯಿ ತೊಳ್ಕೋ” ಎಂದಳು.

ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವ ಕೆಲಸ ಅವಳ ಕೈತಪ್ಪಿ ಹೋಯಿತಂತೆ. ಒಗೆದು ಒಣಗಿಸಿದ ಮೇಲೂ ಹಳದಿ ಛಾಯೆ ಉಳಿಯುತ್ತಿತ್ತಂತೆ. ಈಗ ಟ್ಯಾಂಕರಿನವನು ಮನಸ್ಸಾದಾಗ ಬಂದು ಹಾಕುವ ನೀರಿನಲ್ಲಿ ಸುತ್ತಲಿನ ನಾಲ್ಕು ಮನೆಯ ಬಟ್ಟೆ ಮಾಡುತ್ತಾಳಂತೆ. ಇದನ್ನೆಲ್ಲ ಅವಳು ಅಳುತ್ತ ಹೇಳಲಿಲ್ಲ, ಬೈಗುಳದ ನಡುನಡುವೆ ಹೇಳಿದಳು. ನಾನೂ ಬಿಡಲಿಲ್ಲ. ಈ ಬೀದಿಯಲ್ಲಿ ನಮ್ಮದೊಂದೇ ಅಂಗಡಿಯಾ, ಗ್ಯಾರೇಜಿಲ್ಲವಾ, ಬಣ್ಣದ ಕಾರ್ಖಾನೆಯಿಲ್ಲವಾ ಎಂದು ಕೇಳಿದೆ. ಅವಳ ಬಾಯಿ ಮುಚ್ಚಿತು. ಗೆದ್ದೆ.

ಗೋಡೆ ಹಿಡಿದುಕೊಂಡಿದ್ದ ಅವಳ ಕೈ ನೋಡಿದೆ. ಬೆರಳ ಸಂದಿಯೆಲ್ಲ ಬಿರಿದು ಕೆಂಪಗೆ ತೇವವಾಗಿತ್ತು. ಒಗೆಯುವವರ ಕೈ ಹಾಗೇ ಇರುತ್ತದೆ, ಸೋಪಿನ ಖಾರ.

ಇವರ ಕೈಯೂ ಕೆಲಸ ಮಾಡುವ ಕಾಲದಲ್ಲಿ ಹಾಗೇ ಇತ್ತು. ಇವರು ಸೋಪು ಮುಟ್ಟುತ್ತಿದ್ದದ್ದು ಸ್ನಾನಕ್ಕೆ ಮಾತ್ರ.

ಮೇ ೩

ನಿನ್ನೆ ಬರೆದದ್ದು ಓದಿದೆ. ಕೈಯ ವಿಚಾರ ಯಾಕೆ ಬರೆದೆನೋ. ಗೆದ್ದ ದಿನ ಗೆದ್ದದ್ದನ್ನಷ್ಟೇ ಬರೆಯಬೇಕು.

ಮೇ ೧೦

ಬಂತು!

ಆಸಿಡ್‌ನಲ್ಲಿ ನೆನೆಸಿ, ಮಣ್ಣಿನ ಗಡಿಗೆಗಳಲ್ಲಿಟ್ಟು ಬಾಯಿ ಮುಚ್ಚಿ ಕಾಯಿಸಿ, ಹುಳಿ ಹೋಗುವ ತನಕ ತೊಳೆದು, ಒಣಗಿಸಿ, ಜರಡಿ ಹಿಡಿದೆವು. ಆ ಕರಿ ಪುಡಿಯ ಕೊಳವೆಗೆ ತೊಟ್ಟಿಯ ಹಳದಿ ನೀರು ಬಿಟ್ಟೆ. ಕೆಳಗಿನ ಗ್ಲಾಸಿಗೆ ಹನಿ ಹನಿಯಾಗಿ ಬಿದ್ದದ್ದು ಬರೀ ನೀರು. ಬಣ್ಣವೇ ಇಲ್ಲದ ನೀರು. ಪಾಲಿಶ್ ಅಣ್ಣ ಗ್ಲಾಸನ್ನು ಬಿಸಿಲಿಗೆ ಹಿಡಿದು, ಈ ಕಡೆ ಆ ಕಡೆ ತಿರುಗಿಸಿ, ನಲ್ಲಿಯ ಹೊಳಪು ಪರೀಕ್ಷಿಸುವ ಹಾಗೆ ನೋಡಿದ. ಇವರು ಮೆಟ್ಟಿಲಿಳಿದು ಬಂದರು. ಎರಡು ಸಲ ಕೂತು ಸುಧಾರಿಸಿಕೊಂಡು ಬಂದರು, ಆದರೆ ಬಂದರು.

ನಾದಿನಿ ಬಂದು ನಮ್ಮ ಸಂಭ್ರಮಕ್ಕೆ ಎರಡು ಹನಿ ಹಾಕಿದಳು. ಕಾಲೇಜಿನಿಂದ ಒಂದು ಸಣ್ಣ ಬಾಟಲಿ ತಂದಿದ್ದಾಳೆ. ನೀರಲ್ಲಿ ನಮ್ಮ ವಿಷದ ಕ್ರೋಮ್ ಸ್ವಲ್ಪವೇ ಇದ್ದರೂ ಸಾಕು, ಆ ದ್ರವ ಬಿದ್ದೊಡನೆ ನೇರಳೆ ಬಣ್ಣವಾಗುತ್ತದೆ. ನಮ್ಮ ಶುಭ್ರ ನೀರು ನೇರಳೆಯಾಯಿತು. ಕಣ್ಣಿಗೆ ಕಾಣದಿದ್ದರೆ ಇಲ್ಲ ಅಂತಲ್ಲ ಅತ್ತಿಗೆ, ಎಂದಳು.

ಹಲ್ಲು ಕಚ್ಚಿಕೊಂಡು ಮತ್ತೆ ಮಾಡಿದೆವು. ಅವಳು ಹೇಳಿದಂತೆ ಕೊಳವೆಗೆ ಬಿಡುವ ಮೊದಲೇ ನೀರಿಗೆ ಒಂದಿಷ್ಟು ಆಸಿಡ್ ಹಾಕಿ ಹುಳಿ ಹೆಚ್ಚಿಸಿದೆವು. ನೀರನ್ನು ಓಡಲು ಬಿಡದೆ ತೊಟ್ಟಿಕ್ಕುವಂತೆ ಮಾಡಿದೆವು. ಒಂದರ ಹಿಂದೆ ಒಂದು ಮೂರು ಕೊಳವೆ ಇಟ್ಟೆವು. ಕೊನೆಗೆ ಸುಣ್ಣದ ತೊಟ್ಟಿ, ತಪ್ಪಿಸಿಕೊಂಡದ್ದು ಅಲ್ಲಿ ಕೆಳಗೆ ಕೂರಲೆಂದು. ಸಂಜೆ ಮತ್ತೆ ಎರಡು ಹನಿ. ನೀರು ನೀರಾಗಿಯೇ ಉಳಿಯಿತು. ನಾದಿನಿ ನನ್ನ ಬೆನ್ನಿಗೊಂದು ಗುದ್ದಿದಳು. ಮದುವೆಯಾಗಿ ಬಂದಾಗಿನಿಂದ ಅವಳು ನನ್ನನ್ನು ಮುಟ್ಟಿದ್ದೇ ಕಡಿಮೆ. ನೋವಾಯಿತು, ಚೆನ್ನಾಗಿತ್ತು.

ಮೇ ೧೩

ನನಗೊಂದು ಯೋಚನೆ ಬಂದಿದೆ. ಬಾಟಲಿ ಇಲ್ಲೇ ಇದೆ. ಇಸ್ತ್ರಿಯ ಬಾವಿಯ ನೀರಿಗೇ ಎರಡು ಹನಿ ಹಾಕಿದರೆ? ನೇರಳೆ ಬರದಿದ್ದರೆ ಅವಳ ಹಳದಿ ಬೇರೆಯವರ ಹಳದಿ ಎಂದು ಸಾಬೀತಾಯಿತು. ಆಮೇಲೆ ಸಾಹೇಬರ ಮೇಜಿನ ಮೇಲೆ ಇಟ್ಟು ಬರುತ್ತೇನೆ.

ಮೇ ೧೪

ಪಾಲಿಶ್ ಅಣ್ಣ ಹೋಗಿ ಒಂದು ತಂಬಿಗೆ ಬಾವಿ ನೀರು ಕೇಳಿದ. ಅವಳು ಕಾರಣ ಕೇಳಲಿಲ್ಲವಂತೆ, ಸೇದಿ ಕೊಟ್ಟಳಂತೆ.

ಬದನೆಕಾಯಿ ಬಣ್ಣ.

ಬಾಟಲಿಯ ದ್ರವ ಹಳೆಯದಾಗಿರಬೇಕು. ಬಹಳ ದಿನ ಇಟ್ಟರೆ ಕೆಡುತ್ತದೆ ಎಂದು ನಾದಿನಿಯೇ ಹೇಳಿದ್ದಳು.

ಮೇ ೧೬

ನಾದಿನಿ ಹೊಸದು ಮಾಡಿ ತಂದಳು. ಅದೇ ಬಣ್ಣ.

ಮೇ ೧೭

ಏನೂ ಬರೆಯುವಂಥದ್ದಿಲ್ಲ. ವಾಟೆ ಬಿಡಿಸಿದೆ.

ಮೇ ೨೧

ತೊಟ್ಟಿಯ ನೀರನ್ನೆಲ್ಲ ಕೊಳವೆಗಳಿಂದ ಹಾಯಿಸಿ ಖಾಲಿ ಮಾಡಿದೆವು. ತಳದಲ್ಲಿ ಗಟ್ಟಿಯಾಗಿ ಕೂತಿದ್ದ ಕೆಸರನ್ನು ಕೆರೆದು ತೊಳೆದೆವು. ಅಲ್ಲಿ, ಹಿಂದಿನ ಗೋಡೆಯ ಬದಿಗೆ, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಬಿರುಕು. ಇಷ್ಟು ದಿನ ಆ ಕೆಸರೇ ಅದನ್ನು ಅರೆಬರೆ ಮುಚ್ಚಿಕೊಂಡಿತ್ತು. ನನ್ನ ಕಿರುಬೆರಳು ಸಲೀಸಾಗಿ ಒಳಗೆ ಹೋಯಿತು. ಬಕೆಟ್ಟಿನಿಂದ ನೀರು ಸುರಿದೆ. ನೋಡನೋಡುತ್ತಿದ್ದಂತೆ ನೆಲ ಕುಡಿದುಬಿಟ್ಟಿತು.

ಇವರು ಮೇಲೆ ನಿಂತು ಊರುಗೋಲಿನಿಂದ ಅದರ ಉದ್ದಕ್ಕೂ ತಟ್ಟಿದರು. ಚರಂಡಿಗೆ ಹೋಗ್ತಿದೆ ಅಂತಲೇ ಅಂದುಕೊಂಡಿದ್ದೆ, ಎಂದು ಹೇಳಿದರು. ಯಾರಿಗೆ ಹೇಳಿದರೋ ಗೊತ್ತಿಲ್ಲ. ಆಮೇಲೆ ಊಟಕ್ಕೆ ಬರಲಿಲ್ಲ.

ಸಿಮೆಂಟು ಅಂದಮೇಲೆ ಬಿರುಕು ಬಿಡುತ್ತದೆ. ಯಾರದೇ ಮನೆಯಲ್ಲಾದರೂ ಬಿಡುತ್ತದೆ. ನಾಳೆ ತೊಟ್ಟಿಯನ್ನೇ ಒಡೆಸುತ್ತಿದ್ದೇನೆ. ತೇಪೆ ಹಾಕಿದರೆ ಸಾಕು ಎಂದ ಗಾರೆಯವನ ಮೇಲೆ ಹರಿಹಾಯ್ದೆ, ಪಾಪ. ಹೊಸ ತೊಟ್ಟಿ ನೆಲದೊಳಗೆ ಬೇಡ. ನಾಲ್ಕು ಕಾಲಿನ ಮೇಲೆ ನಿಲ್ಲಲಿ, ಸೋರಿದರೆ ನನ್ನ ಕಣ್ಣಿಗೆ ಬೀಳಲಿ.

ಮೇ ೨೮

ಹೊಸ ತೊಟ್ಟಿ ನಿಂತಿತು. ಗೋಡೆಯಾಚೆಯಿಂದ ಇಸ್ತ್ರಿಯಮ್ಮ ನೋಡುತ್ತಿದ್ದರು. ನಾನು ಮಾತಾಡಿಸಲಿಲ್ಲ, ಅವರೂ ಮಾತಾಡಿಸಲಿಲ್ಲ. ಅವರ ಹಗ್ಗದ ಮೇಲೆ ಒಂದೂ ಬಟ್ಟೆಯಿರಲಿಲ್ಲ. ಟ್ಯಾಂಕರಿನವನು ಈ ವಾರ ಕೈಕೊಟ್ಟಿದ್ದಾನೆಂದು ಪಾಲಿಶ್ ಅಣ್ಣ ಹೇಳಿದ.

ನಮ್ಮ ಮನೆಯ ನಲ್ಲಿಗೆ ಒಂದು ಉದ್ದ ಪೈಪು ಸಿಕ್ಕಿಸಿ ಗೋಡೆಯ ಮೇಲಿಂದ ಆಚೆ ಇಳಿಬಿಟ್ಟೆ. ಪೈಪು ಈಚೆ ಇದ್ದರೆ ಕಾಲಿಗೆ ತೊಡರುತ್ತದೆ, ಅದಕ್ಕೆ. ನಲ್ಲಿ ಬಂದ್ ಮಾಡಲು ಮರೆತೆ. ಸಂಜೆ ನೋಡಿದರೆ ಆ ಕಡೆ ಹಗ್ಗದ ತುಂಬ ಬಟ್ಟೆ.

ಜೂನ್ ೪

ಸಾಹೇಬರು ಬಂದರು. ಮೊಹರು ಒಡೆಸಿ, ನಮ್ಮ ಕೈಯಲ್ಲೇ ಒಂದು ಪಾಳಿ ಕೆಲಸ ಮಾಡಿಸಿ, ಕೊಳವೆಗಳಿಂದ ಬಂದ ನೀರನ್ನು ಅವರೇ ಬಾಟಲಿಗೆ ಹಿಡಿದುಕೊಂಡು ಹೋದರು. ಇವರು ಮಗ್ಗುಲಲ್ಲಿ ನಿಂತು ಪ್ರತಿಯೊಂದೂ ವಿವರಿಸಿದರು, ತಾವೇ ವಾಟೆ ಬಿಡಿಸಿದ ಹಾಗೆ. ಹೋಗಲಿ, ಮಾತಾಡಿದರಲ್ಲ.

ಜೂನ್ ೧೧

ಪಾಸು! ಸಾಹೇಬರೇ ಫೋನು ಮಾಡಿದರು. ಕ್ರೋಮ್ ಮಿತಿಗಿಂತ ಎಷ್ಟೋ ಕೆಳಗಿದೆಯಂತೆ. ಬೇರೆ ಅಂಗಡಿಯವರಿಗೆ ತೋರಿಸಲು ಕರೆದುಕೊಂಡು ಬರಬಹುದೇ ಎಂದು ಕೇಳಿದರು. ಬೀಗ ಹಾಕುವಾಗ ಕೇಳಿ ಹಾಕಿದಿರಾ, ಈಗ ಯಾಕೆ ಕೇಳುತ್ತೀರಿ, ಬನ್ನಿ ಎಂದೆ. ಅವರು ನಕ್ಕರು. ನಾನೂ ನಕ್ಕೆನೆಂದು ಕಾಣುತ್ತದೆ.

ಗೆದ್ದೆ ಎಂದು ದೊಡ್ಡಕ್ಷರದಲ್ಲಿ ಬರೆಯಬೇಕೆಂದು ಡೈರಿ ತೆಗೆದೆ. ಈಗ ಯಾಕೋ ಅಷ್ಟು ಜಾಗ ಬೇಡವೆನಿಸಿತು.

ಜೂನ್ ೧೯

ನಮಗೆ ಮೊದಲು ಕೆಲಸ ಕೊಡುತ್ತಿದ್ದ ನಲ್ಲಿ ಕಂಪನಿಯ ಮ್ಯಾನೇಜರು ಖುದ್ದಾಗಿ ಬಂದಿದ್ದರು. ಬೀಗ ಬಿದ್ದಾಗ ಫೋನೆತ್ತದವರು ಈಗ ಅಕ್ಕ ಎನ್ನುತ್ತಾರೆ. ಯಾವುದೋ ಹೋಟೆಲಿಗೆ ಸಾವಿರಾರು ನಲ್ಲಿ ಬೇಕಂತೆ, ತುರ್ತಂತೆ. ಒಪ್ಪಿಕೊಂಡೆವು. ಇವರಿಗೆ ಉಸಿರೇ ಸಲೀಸಾದಂತೆ ಕಂಡಿತು.

ಜೂನ್ ೨೩

ಇವತ್ತು ಬಹಳ ಬರೆಯುವುದಿದೆ.

ಕೆಲಸ ಹೆಚ್ಚಾದರೆ ತೊಳೆದ ನೀರೂ ಹೆಚ್ಚು, ನೀರು ಹೆಚ್ಚಾದರೆ ಇದ್ದಿಲಿನ ಹೊಟ್ಟೆ ಬೇಗ ತುಂಬುತ್ತದೆ. ಇದು ಲೆಕ್ಕ. ದಿನಾ ಮಧ್ಯಾಹ್ನ ಎರಡು ಹನಿ ಹಾಕಿ ನೋಡುವುದು ರೂಢಿ ಮಾಡಿಕೊಂಡಿದ್ದೇನೆ. ಇವತ್ತು ಕೊನೆಯ ಕೊಳವೆಯ ನೀರು ನೇರಳೆಯಾಯಿತು. ತೆಳು ನೇರಳೆ, ಆದರೆ ನೇರಳೆ. ಹೊಸ ಇದ್ದಿಲು ಇನ್ನೂ ಗಡಿಗೆಯಲ್ಲಿ ಕಾಯುತ್ತಿತ್ತು. ತೊಳೆದು ಒಣಗಿ ಕೈಗೆ ಬರಲು ಎರಡು ದಿನ ಬೇಕು. ಲೈನು ನಿಲ್ಲಿಸಿ ಎಂದೆ. ಪಾಲಿಶ್ ಅಣ್ಣ ನನ್ನ ಮುಖ ನೋಡಿ ಸ್ವಿಚ್ಚು ಆರಿಸಿದ.

ಮ್ಯಾನೇಜರು ಅಲ್ಲೇ ಇದ್ದರು, ಸಾಮಾನು ಒಯ್ಯಲು ಬಂದವರು. ಏನಾಯಿತು ಎಂದರು. ಹೇಳಿದೆ. ಗ್ಲಾಸು ತೋರಿಸಿದೆ.

“ಇದಾ? ಚೆನ್ನಾಗೇ ಇದೆಯಲ್ಲಕ್ಕ, ನೋಡೋಕೆ” ಎಂದರು. ಆಮೇಲೆ ದನಿ ತಗ್ಗಿಸಿ ಹೇಳಿದರು: “ಸಾಹೇಬರು ಪಾಸು ಮಾಡಿಯಾಯ್ತು. ಇನ್ನು ಅವರು ಬರೋದು ಆರು ತಿಂಗಳಿಗೆ. ಎರಡು ದಿನ ಯಾರು ನೋಡ್ತಾರೆ?”

“ನಾನು ನೋಡ್ತೀನಲ್ಲ” ಎಂದೆ.

ಇವರು ಎದ್ದು ನಿಂತರು. ಕಂಪನಿಯವರ ಮುಂದೆ ನನ್ನನ್ನು ಗದರಿದ್ದು ಇದೇ ಮೊದಲು. ಊರಿಗೆಲ್ಲ ನೀರು ಶುದ್ಧ ಮಾಡಿಕೊಡಲು ನಾವೇನು ಮುನಿಸಿಪಾಲಿಟಿಯಾ ಎಂದರು. ಹೋಟೆಲಿನವರು ಕಾಯುವುದಿಲ್ಲ ಎಂದರು. ಇವರ ಮಾತಿನಲ್ಲಿ ತಪ್ಪೇನಿರಲಿಲ್ಲ. ಕಾಯಲಿಲ್ಲ ಕೂಡ. ಮ್ಯಾನೇಜರು ಹೊಳಪಾಗದ ನಲ್ಲಿಗಳನ್ನೆಲ್ಲ ಪೆಟ್ಟಿಗೆಗೆ ತುಂಬಿಸಿಕೊಂಡು, ಬೇರೆ ಅಂಗಡಿ ನೋಡಿಕೊಳ್ಳುತ್ತೇವೆ ಎಂದು ಹೊರಟರು. ಪೆಟ್ಟಿಗೆ ಎತ್ತಲು ನಾನೇ ಕೈಜೋಡಿಸಿದೆ. ಅವರಿಗೆ ಅದು ಇನ್ನೂ ಉರಿಯಿತು.

ಆಮೇಲೆ ಇವರು ಕೇಳಿದರು: “ಯಾರ ಮೇಲೆ ನಿನಗೆ ಈ ಹಟ?”

ಏಪ್ರಿಲ್‌ನಲ್ಲಿ ಕೇಳಿದ್ದರೆ ಥಟ್ಟನೆ ಹೇಳುತ್ತಿದ್ದೆ.

ಜೂನ್ ೨೪

ಇವರು ಮಾತು ಬಿಟ್ಟಿದ್ದಾರೆ. ಹೊಟ್ಟೆ ತುಂಬಿದ ಹಳೆಯ ಇದ್ದಿಲನ್ನು ಈಗ ಏನು ಮಾಡುವುದು ಎಂದು ಪಾಲಿಶ್ ಅಣ್ಣ ಕೇಳಿದ. ಹಿಂದಿನ ಹಳ್ಳಕ್ಕೆ ಸುರಿದು ಬರಲೇ ಎಂದ. ಅದರೊಳಗೆ ಏನಿದೆ ಗೊತ್ತಾ, ಇಷ್ಟು ದಿನ ಈ ಬೀದಿಯ ನೆಲಕ್ಕೆ ಹೋಗುತ್ತಿದ್ದದ್ದೆಲ್ಲ ಒಟ್ಟಾಗಿ ಅದರಲ್ಲಿ ಕೂತಿದೆ ಎಂದು ಕೂಗಿದೆ. ಅವನು ಹೆದರಿ, ಹೋಗಲ್ಲಕ್ಕ, ಹೋಗಲ್ಲ ಎಂದ. ಗಟ್ಟಿ ಡ್ರಮ್ಮಿಗೆ ತುಂಬಿ, ಮುಚ್ಚಳ ಬಿಗಿದು, ಸಾಹೇಬರ ಕಚೇರಿಗೆ ಫೋನು ಮಾಡಿದೆ. ವಿಷದ ಕಸ ಒಯ್ಯುವ ಗಾಡಿ ಬರುತ್ತದಂತೆ. ಬರುವ ತನಕ ನಮ್ಮ ನಡುಮನೆಯಲ್ಲಿಟ್ಟರೂ ಸರಿ, ಹಳ್ಳಕ್ಕಿಲ್ಲ.

ಜುಲೈ ೨

ಸಣ್ಣಪುಟ್ಟ ಕೆಲಸ ಬರುತ್ತಿದೆ. ಸೈಕಲ್ ಹ್ಯಾಂಡಲು, ಹಳೆಯ ಫ್ಯಾನಿನ ಜಾಲರಿ. ಇದ್ದಿಲು ತಡೆಯುವಷ್ಟೇ ಒಪ್ಪಿಕೊಳ್ಳುತ್ತೇನೆ. ಮಾವಿನ ಸುಗ್ಗಿ ಮುಗಿಯುತ್ತ ಬಂತು. ಮುಂದಿನ ತಿಂಗಳಿಂದ ಶೇಂಗಾ ಸಿಪ್ಪೆಯಲ್ಲಿ ಮಾಡಿ ನೋಡಬೇಕು.

ಇವರು ಇವತ್ತು ಕೂತಲ್ಲೇ ಒಂದು ಬುಟ್ಟಿ ವಾಟೆ ಬಿಡಿಸಿದರು. ಮಾತಿಲ್ಲ, ಕೆಲಸ ಮಾತ್ರ.

ಜುಲೈ ೮

ಸಾಹೇಬರು ಬಂದಿದ್ದರು. ಲಾಂಡ್ರಿಯವರು ಕೊಟ್ಟ ದೂರು ಇನ್ನೂ ತೆರೆದೇ ಇದೆಯಂತೆ. ಅವರು ಅದನ್ನು ವಾಪಸ್ ಪಡೆದರೆ ನಮ್ಮ ಹೆಸರು ಪಟ್ಟಿಯಿಂದ ಹೋಗುತ್ತದೆ, ಮತ್ತೆ ಮತ್ತೆ ತಪಾಸಣೆ ಇರುವುದಿಲ್ಲ, ದೊಡ್ಡ ಕಂಪನಿಗಳೂ ಧೈರ್ಯವಾಗಿ ಕೆಲಸ ಕೊಡುತ್ತವೆ. ನಿಮ್ಮ ನೀರು ಈಗ ಶುದ್ಧ, ಒಂದು ಮಾತು ಕೇಳಿ ನೋಡಿ ಎಂದರು. ಸಾಹೇಬರು ಒಳ್ಳೆಯದಕ್ಕೇ ಹೇಳಿದ್ದು.

ಅವರ ಬಾವಿಯ ಗತಿಯೇನು ಎಂದು ಕೇಳಿದೆ. ದೂರು ಮುಗಿದರೆ ಕಚೇರಿಯ ಮಟ್ಟಿಗೆ ಬಾವಿಯ ವಿಷಯವೂ ಮುಗಿದ ಹಾಗೆ ಎಂದರು.

ಇವರು ಹದಿನೈದು ದಿನದ ಮೌನ ಮುರಿದರು. “ಹೋಗಿ ಬಾ. ಕೈಮುಗಿದು ಕೇಳು ಬೇಕಾದ್ರೆ.”

ಜುಲೈ ೯

ಹೋದೆ. ಇಷ್ಟು ವರ್ಷ ಗೋಡೆಗೆ ಗೋಡೆ ತಾಗಿಸಿಕೊಂಡಿದ್ದರೂ ಆ ಮನೆಯ ಮುಂಬಾಗಿಲು ನೋಡಿದ್ದು ಇದೇ ಮೊದಲು.

ಲಾಂಡ್ರಿಯವರು ಟ್ಯಾಂಕರ್ ನೀರು ತುಂಬಿದ ಡ್ರಮ್ಮಿನಿಂದ ಒಂದೊಂದೇ ತಂಬಿಗೆ ಎತ್ತಿ ಟಬ್ಬಿಗೆ ಹಾಕುತ್ತಿದ್ದರು. ಕೈಗೆ ರಬ್ಬರಿನ ಗವಸು ಹಾಕಿಕೊಂಡಿದ್ದರು, ಒಂದರ ಬೆರಳು ಹರಿದಿತ್ತು. ಕೂರು ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಅಂಗಳದ ನಡುವೆ ಬಾವಿ. ಅದರ ಬಾಯಿಗೆ ತಗಡು ಮುಚ್ಚಿ ಮೇಲೆ ಕಲ್ಲು ಹೇರಿದ್ದರು. ಮಕ್ಕಳು ಯಾರಾದರೂ ಸೇದಿ ಕುಡಿದಾರೆಂದು ಹೆದರಿಕೆ ಎಂದರು.

ನಾನು ತಗಡಿನ ಸಂದಿಯಲ್ಲಿ ಬಗ್ಗಿ ನೋಡಿದೆ. ಮಳೆ ಬಿದ್ದು ನೀರು ಮೇಲೆ ಬಂದಿತ್ತು. ಬಾವಿಯ ನೀರಿನಲ್ಲಿ ನಮ್ಮ ಮುಖ ಕಾಣಬೇಕು. ನನ್ನ ಮುಖ ಹಳದಿಯಾಗಿ ಕಂಡಿತು.

“ದೂರು ವಾಪಸ್ ತಗೋ ಅಂತ ಹೇಳೋಕೆ ಬಂದಿದ್ದೀಯ” ಎಂದರು. ಕೇಳಿದ್ದಲ್ಲ, ಹೇಳಿದ್ದು.

“ಅದನ್ನ ಹೇಳೋಕೇ ಬಂದೆ.”

“ನಾನು ತಗೊಳಲ್ಲ. ನೀನು ಗೋಡೆ ಮೇಲಿಂದ ನೀರು ಬಿಟ್ಟೆ, ಅದು ಬೇರೆ. ಹೊಸ ತೊಟ್ಟಿ ಕಟ್ಟಿಸಿದೆ, ಅದೂ ಬೇರೆ. ಈ ಬಾವಿ ಹೀಗಿರೋ ತನಕ ನಾನು ತಗೊಳಲ್ಲ.”

“ತಗೋಬೇಡಿ” ಎಂದೆ.

ಅವರ ತಂಬಿಗೆ ಅಲ್ಲೇ ನಿಂತಿತು. ನಾನು ಹೇಳುತ್ತ ಹೋದೆ, ನಿಲ್ಲಿಸಲಾಗಲಿಲ್ಲ. ತಗೊಂಡರೆ ಬಾವಿಯನ್ನು ಎಲ್ಲರೂ ಮರೆತುಬಿಡುತ್ತಾರೆ, ಸಾಹೇಬರು ಬರುವುದಿಲ್ಲ, ಈ ಬೀದಿಯ ಬೇರೆ ಅಂಗಡಿಗಳ ತೊಟ್ಟಿಯನ್ನೂ ಯಾರೂ ನೋಡುವುದಿಲ್ಲ, ನಾನೇ ಒಂದು ದಿನ ದೊಡ್ಡ ಕೆಲಸ ಬಂದಾಗ ಹನಿ ಹಾಕುವುದು ಬಿಟ್ಟರೂ ಬಿಟ್ಟೆ ಎಂದೆ. ಬಾವಿಗೊಂದು ಪಂಪು ಇಳಿಬಿಟ್ಟು, ನೀರನ್ನೆಲ್ಲ ಎತ್ತಿ ಕೊಳವೆಗಳಿಂದ ಹಾಯಿಸಬೇಕು, ತಳದ ಊಟೆಯಿಂದ ಮತ್ತೆ ಹಳದಿ ಬರುತ್ತದೆ, ಮತ್ತೆ ಎತ್ತಬೇಕು, ಎಷ್ಟು ಕಾಲ ಹಿಡಿಯುತ್ತದೋ ನಾದಿನಿಗೂ ಗೊತ್ತಿಲ್ಲ ಎಂದೆ. ಅಲ್ಲಿಯ ತನಕ ಗೋಡೆಯ ಮೇಲಿನ ಪೈಪು ಅಲ್ಲೇ ಇರುತ್ತದೆ ಎಂದೆ.

ಲಾಂಡ್ರಿಯವರು ಕೈಯಲ್ಲಿದ್ದ ತಂಬಿಗೆಯನ್ನು ಟಬ್ಬಿಗೆ ಬಗ್ಗಿಸಿದರು. ಧನ್ಯವಾದ ಹೇಳಲಿಲ್ಲ. ಹೇಳಿದ್ದರೆ ನಾನು ಹೊರಟು ಬರುತ್ತಿದ್ದೆ. “ಕೊಳವೆ ಅಂಗಳದ ಆ ಕಡೆ ಇಡು, ಈ ಕಡೆ ನನಗೆ ಬಟ್ಟೆ ಒಣಗಿಸೋಕೆ ಬಿಸಿಲು ಬೇಕು” ಎಂದರು.

ಮನೆಗೆ ಬಂದೆ. ಇವರು ಬಾಗಿಲಲ್ಲೇ ಕಾಯುತ್ತಿದ್ದರು.

“ಏನಂದ್ಲು?”

“ತಗೊಳಲ್ಲ ಅಂದ್ರು.”

“ನೀನೇನಂದೆ?”

“ತಗೋಬೇಡಿ ಅಂದೆ.”

ಇವರು ಹೊಸ್ತಿಲ ಮೇಲೆ ಕೂತುಬಿಟ್ಟರು. ಬೈಯುತ್ತಾರೆಂದು ನಾನೂ ಸಿದ್ಧವಾಗಿ ನಿಂತೆ. ತಿರುಗಿ ಹೇಳಲು ಮಾತು ನಾಲಗೆಯ ತುದಿಯಲ್ಲೇ ಇತ್ತು. ಇವರು ಊರುಗೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಉಸಿರು ಸುಧಾರಿಸಿಕೊಂಡರು. ಮೊದಲು ನನ್ನನ್ನು ನೋಡಿದರು, ಆಮೇಲೆ ಹಿತ್ತಲ ಕಡೆ ನೋಡಿದರು.

“ಬಾವಿ ಎಷ್ಟು ಆಳ ಇದೆಯಂತೆ?” ಎಂದು ಕೇಳಿದರು.